ಸೂಕ್ಷ್ಮ ವಸ್ತು, ಸ್ಥೂಲ ಶೀರ್ಷಿಕೆ

ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಬೆಳಗಿನ ಲೋಕಲ್ ಗಾಡಿ ಹಿಡಿಯುವ ಕನ್ನಡಿಗನಿಗೆ ವೃತ್ತಪತ್ರಿಕೆಯನ್ನು ಬಿಡಿಸಿ ಓದುವಷ್ಟು ಸ್ಥಳ ದೊರೆಯುವುದು ದುರ್ಲಭ. ಠಾಣೆ ಬರುವುದರೊಳಗೆ ಅವನ ಕಣ್ಣಿಗೆ ಬೀಳುವುದು ಶೀರ್ಷಿಕೆಗಳು ಮಾತ್ರ. ಈಗ ಅವೂ ಮೊಬೈಲಿನ ಪರದೆಯ ಮೇಲೆ. ಸಂಜೆ ಮನೆ ಸೇರುವ ವೇಳೆಗೆ ಆ ಶೀರ್ಷಿಕೆಯೇ ಸುದ್ದಿಯಾಗಿ, ಸುದ್ದಿಯೇ ಸತ್ಯವಾಗಿ ನೆರೆಹೊರೆಯಲ್ಲೆಲ್ಲ ಹಬ್ಬಿರುತ್ತದೆ. ಆರೋಗ್ಯಕ್ಕೆ ಸಂಬಂಧಿಸಿದ ವೈಜ್ಞಾನಿಕ ವಾರ್ತೆಗಳ ವಿಷಯದಲ್ಲಿ ಈ ಅವಸರ ಅಪಾಯಕಾರಿಯಾಗಬಲ್ಲದು.

ಜನರನ್ನು ಬೇಗ ಮರುಳುಗೊಳಿಸುವ ಶಬ್ದಗಳಲ್ಲಿ 'ನ್ಯಾನೊ' ಒಂದು. ಒಂದು ಮೀಟರಿನ ನೂರು ಕೋಟಿಯಲ್ಲೊಂದು ಪಾಲೇ ನ್ಯಾನೊಮೀಟರ್. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. 2004ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟೈನ್ ನೊವೊಸೆಲೊವ್ ಎಂಬ ವಿಜ್ಞಾನಿಗಳು ಗ್ರ್ಯಾಫೈಟಿನ ಪದರಗಳನ್ನು ಅಂಟುಪಟ್ಟಿಯಿಂದ ಸುಲಿಯುತ್ತ ಹೋಗಿ, ಒಂದೇ ಪರಮಾಣುವಿನ ದಪ್ಪದ ಹಾಳೆಯನ್ನು ಬೇರ್ಪಡಿಸಿದರು. ಇದೇ ಗ್ರ್ಯಾಫೀನ್. ಇದರ ದಪ್ಪ ಸುಮಾರು 0.34 ನ್ಯಾನೊಮೀಟರ್. 2010ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. 'ಉಕ್ಕಿಗಿಂತ ಇನ್ನೂರು ಪಟ್ಟು ಬಲಿಷ್ಠ' ಎಂದು ಪತ್ರಿಕೆಗಳು ಸಾರಿದವು. ಆ ಮಾತು ದೋಷರಹಿತವಾದ ಅತಿ ಸಣ್ಣ ತುಣುಕಿಗೆ ಮಾತ್ರ ಅನ್ವಯಿಸುವುದೆಂಬ ಅಂಶ ಶೀರ್ಷಿಕೆಯಲ್ಲಿ ಹಿಡಿಸಲಿಲ್ಲ.

ಅದೇ ಗ್ರ್ಯಾಫೀನ್ ಮುಂದೆ ಭೀತಿಯ ವಸ್ತುವೂ ಆಯಿತು. ಗ್ರ್ಯಾಫೀನ್ ಲೇಪಿತ ಮುಖಗವಸುಗಳಿಂದ ಅದರ ಕಣಗಳು ಶ್ವಾಸಕೋಶವನ್ನು ಸೇರಬಹುದೆಂದು ಕೆನಡಾದ ಆರೋಗ್ಯ ಇಲಾಖೆ 2021ರ ಏಪ್ರಿಲ್‌ನಲ್ಲಿ ಎಚ್ಚರಿಸಿತು. ಪರಿಶೀಲನೆಯ ಬಳಿಕ ಜುಲೈನಲ್ಲಿ ಕೆಲವು ಮಾದರಿಗಳಿಗೆ ಅನುಮತಿ ನೀಡಿತು. ವಸ್ತು ಅದೇ, ಬದಲಾದುದು ಅದರ ಬಗೆಗಿನ ತಿಳಿವಳಿಕೆ.

ನಮ್ಮ ಬೆಂಗಳೂರಿನ ನಿದರ್ಶನವನ್ನೇ ನೋಡಬಹುದು. ಹಳಬರು 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ದೇವ್ ಕುಮಾರ್ ಥಾಪಾ ಮತ್ತು ಅಂಶು ಪಾಂಡೆ 2018ರ ಜುಲೈನಲ್ಲಿ ಒಂದು ಪ್ರಬಂಧವನ್ನು ಬಹಿರಂಗಪಡಿಸಿದರು. ಚಿನ್ನದಲ್ಲಿ ಬೆಳ್ಳಿಯ ನ್ಯಾನೊಕಣಗಳನ್ನು ಅಡಕಗೊಳಿಸಿದ ವಸ್ತು ಸುಮಾರು −37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿವಾಹಕವಾಗುತ್ತದೆ, ಅಂದರೆ ವಿದ್ಯುತ್ತನ್ನು ಯಾವ ಅಡ್ಡಿಯೂ ಇಲ್ಲದೆ ಹರಿಯಗೊಡುತ್ತದೆ, ಎಂಬುದು ಅದರ ಸಾರ. ಅತಿಶೀತವನ್ನೋ ಅತಿ ಒತ್ತಡವನ್ನೋ ಬೇಡುವ ಈ ಗುಣ ಇಷ್ಟು ಸುಲಭವಾಗಿ ಲಭಿಸಿದ್ದರೆ ಅದು ಯುಗಪ್ರವರ್ತಕ ಶೋಧವೇ ಸರಿ. ಆದರೆ ಆ ಪ್ರಬಂಧ ತಜ್ಞರ ಪರಿಶೀಲನೆಗೆ ಇನ್ನೂ ಒಳಪಟ್ಟಿರಲಿಲ್ಲ. ಆಗಸ್ಟ್‌ನಲ್ಲಿ ಅಮೆರಿಕದ ಬ್ರಯನ್ ಸ್ಕಿನ್ನರ್, ಎರಡು ಬೇರೆ ಬೇರೆ ಅಳತೆಗಳಲ್ಲಿ ಒಂದೇ ತೆರನಾದ ಆಕಸ್ಮಿಕ ಏರಿಳಿತಗಳಿರುವುದನ್ನು ಎತ್ತಿ ತೋರಿಸಿದರು. 2019ರ ಮೇ ತಿಂಗಳಲ್ಲಿ ಹೆಚ್ಚಿನ ವಿವರಗಳೊಡನೆ ಪರಿಷ್ಕೃತ ಪ್ರಬಂಧ ಹೊರಬಂದರೂ ಆ ಪ್ರತಿಪಾದನೆ ಸರ್ವಮಾನ್ಯವಾಗಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದಂತಾಯಿತು.

ಚಿನ್ನ ಬೆಳ್ಳಿಯ ಸುದ್ದಿಯಿಂದ ಯಾರ ಪ್ರಾಣಕ್ಕೂ ಹಾನಿಯಿಲ್ಲ. ರೋಗಿಯ ಮನೆಗೆ ತಲಪುವ ಸುದ್ದಿಯ ಮಾತು ಬೇರೆ. ಟಾಟಾ ಸ್ಮಾರಕ ಕೇಂದ್ರದ ಸಂಶೋಧನ ವಿಭಾಗವಿರುವುದು ನವಿ ಮುಂಬಯಿಯ ಖಾರ್‌ಘರ್‌ನಲ್ಲಿ. 2024ರ ಫೆಬ್ರವರಿಯಲ್ಲಿ ಈ ಕೇಂದ್ರದ ಹಿರಿಯ ವೈದ್ಯರಾದ ರಾಜೇಂದ್ರ ಬಡ್ವೆಯವರು ನೂರು ರೂಪಾಯಿಯ ಒಂದು ಗುಳಿಗೆಯ ವಿಷಯವನ್ನು ತಿಳಿಸಿದರು. ದ್ರಾಕ್ಷಿಯಲ್ಲಿರುವ ರೆಸ್ವೆರಟ್ರಾಲ್ ಮತ್ತು ತಾಮ್ರ, ಇವೆರಡರ ಮಿಶ್ರಣವೇ ಅದು. ಸಾಯುವ ಕ್ಯಾನ್ಸರ್ ಜೀವಕೋಶಗಳಿಂದ ಹೊರಬೀಳುವ ಕ್ರೊಮ್ಯಾಟಿನ್ ಕಣಗಳು ಆರೋಗ್ಯವಂತ ಕೋಶಗಳನ್ನು ಕೆಡಿಸುತ್ತವೆ, ಈ ಮಿಶ್ರಣ ಅವನ್ನು ನಾಶಪಡಿಸುತ್ತದೆ ಎಂಬುದು ಸಂಶೋಧಕರ ಅಭಿಪ್ರಾಯ. ಕ್ಯಾನ್ಸರ್ ಮರುಕಳಿಸದಂತೆ ತಡೆಯುವ ಪರೀಕ್ಷೆ ಇಲಿಗಳ ಮೇಲೆ ಮಾತ್ರ ನಡೆದಿದೆ, ಮನುಷ್ಯರ ಮೇಲಿನ ಪ್ರಯೋಗಕ್ಕೆ ಸುಮಾರು ಐದು ವರ್ಷ ಬೇಕು ಎಂಬುದನ್ನೂ ಅದೇ ವರದಿ ತಿಳಿಸಿತ್ತು. ಆದರೆ ಹಂಚಿಕೆಯಾದುದು 'ನೂರು ರೂಪಾಯಿಗೆ ಕ್ಯಾನ್ಸರ್ ಗುಳಿಗೆ' ಎಂಬ ಮೊದಲ ಸಾಲು. ಕೊನೆಯ ಸಾಲು ಹಿಂದೆಯೇ ಉಳಿಯಿತು.

ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಚೆಕ್ಕನ್ನು ಖಾತೆಗೆ ಹಾಕಿದ ಮಾತ್ರಕ್ಕೆ ಹಣ ಕೈಸೇರುವುದಿಲ್ಲ. ಅದು ಕ್ಲಿಯರಿಂಗ್‌ನಲ್ಲಿ ಪಾಸಾಗಬೇಕು. ವಿಜ್ಞಾನಿಯ ಮೊದಲ ಪ್ರಬಂಧವೂ ಅಂಥ ಚೆಕ್ಕೇ. ತಜ್ಞರ ಪರಿಶೀಲನೆ, ಅನ್ಯರಿಂದ ಪ್ರಯೋಗದ ಪುನರಾವರ್ತನೆ, ಇವೇ ಅದರ ಕ್ಲಿಯರಿಂಗ್. ಚೆಕ್ಕು ಹಾಕಿದವನ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಬೇಕಾಗಿಲ್ಲ. ಆದರೆ ಪಾಸಾಗುವ ಮೊದಲೇ ಖರ್ಚು ಮಾಡತೊಡಗಿದವನು ಪೇಚಿಗೆ ಸಿಕ್ಕುವುದು ನಿಶ್ಚಿತ.

ಆದುದರಿಂದ ಇಂಥ ವಾರ್ತೆಯನ್ನು ಓದುವಾಗ ವಾಚಕರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ಪ್ರಯೋಗ ನಡೆದುದು ಇಲಿಯ ಮೇಲೋ ಮನುಷ್ಯರ ಮೇಲೋ? ಮನುಷ್ಯರ ಮೇಲಾದರೆ ಎಷ್ಟು ಮಂದಿಯ ಮೇಲೆ? ಬೇರೆಯವರು ಅದನ್ನು ಪುನಃ ನಡೆಸಿ ಒಪ್ಪಿದ್ದಾರೆಯೆ? ಉತ್ತರ ದೊರೆಯದಿದ್ದಲ್ಲಿ ಸುದ್ದಿಯನ್ನು ಸುದ್ದಿಯಾಗಿಯೇ ಇರಗೊಡಬೇಕು. ನಡೆಯುತ್ತಿರುವ ಚಿಕಿತ್ಸೆಯನ್ನಂತೂ ವೈದ್ಯರನ್ನು ಕೇಳದೆ ಎಂದೂ ನಿಲ್ಲಿಸಬಾರದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ಕಂಡದ್ದಕ್ಕೇ ಈ ಮಾತಾದರೆ, ಶೀರ್ಷಿಕೆಯಲ್ಲಿ ಓದಿದ್ದಕ್ಕೆ ಹೇಳಬೇಕೆ?