ತುಂಬಿಸಿದ ಹಲ್ಲಿನ ಕಾವಲು

ಹಲ್ಲು ನೋಯತೊಡಗಿದರೆ ಹುಳ ಹಿಡಿದಿದೆ ಎನ್ನುವುದೂ, ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಕುಳಿಯೊಳಗೆ ಇಡುವುದೂ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಮನೆಗಳಿಗೆ ಹೊಸದಲ್ಲ. ಆ ‘ಹುಳ’ವೆಂದರೆ 1924ರಲ್ಲಿ ಕಿಲಿಯನ್ ಕ್ಲಾರ್ಕ್ ಗುರುತಿಸಿದ ಸ್ಟ್ರೆಪ್ಟೊಕಾಕಸ್ ಮ್ಯುಟನ್ಸ್ ಮತ್ತು ಅದರ ಸಂಗಡದ ಬ್ಯಾಕ್ಟೀರಿಯಗಳು, ಜೋನಿ ಬೆಲ್ಲದಂತೆ ಹಲ್ಲಿಗೆ ಅಂಟುವ ಸಿಹಿಯನ್ನು ಇವು ಆಮ್ಲವಾಗಿಸಿ ಹಲ್ಲಿನ ಖನಿಜವನ್ನು ಕರಗಿಸುತ್ತವೆ. ಲವಂಗದಲ್ಲಿರುವ ಯೂಜೆನಾಲ್ ಇವುಗಳನ್ನು ಕೊಲ್ಲಬಲ್ಲದು; ಆದ್ದರಿಂದಲೇ ಅದನ್ನು ಸತುವಿನ ಆಕ್ಸೈಡಿನೊಡನೆ ಕಲಸಿ ದಂತವೈದ್ಯರು ತಾತ್ಕಾಲಿಕ ಸಿಮೆಂಟಾಗಿ ಬಳಸುತ್ತಾರೆ, ಆದರೆ ಅದು ಅಗಿಯುವ ಒತ್ತಡವನ್ನು ಬಹುಕಾಲ ತಾಳದು.

ಹುಳುಕನ್ನು ಕೆರೆದು ತುಂಬಿಸಿದ ಮೇಲೂ ಅಂಚಿನಲ್ಲಿ ಮತ್ತೆ ಹುಳುಕು ಹುಟ್ಟುವುದೇ ನಿಜವಾದ ತೊಡಕು. ಹಲ್ಲಿನ ಬಣ್ಣದ ಕಾಂಪೊಸಿಟ್ ರಾಳವು ನೀಲಿ ಬೆಳಕಿನಲ್ಲಿ ಗಟ್ಟಿಯಾಗುವಾಗ ಕೊಂಚ ಕುಗ್ಗುತ್ತದೆ, ಆಗ ಉಳಿಯುವ ಕೂದಲೆಳೆಗಿಂತ ಸಣ್ಣ ಸಂದಿಯಲ್ಲಿ ಜೊಲ್ಲಿನೊಡನೆ ಬ್ಯಾಕ್ಟೀರಿಯಗಳು ಇಳಿಯುತ್ತವೆ. ಬೆಳ್ಳಿ, ತವರ, ತಾಮ್ರಗಳನ್ನು ಪಾದರಸದಲ್ಲಿ ಕಲಸಿದ ಹಳೆಯ ‘ಬೆಳ್ಳಿ ಸಿಮೆಂಟ್’ ಅಂತಹ ಸಂದಿಯನ್ನು ತನ್ನ ಕಿಲುಬಿನಿಂದ ತಾನೇ ಮುಚ್ಚಿಕೊಳ್ಳುತ್ತಿತ್ತು. ಆದರೆ ಪಾದರಸದ ಬಳಕೆಯನ್ನು ತಗ್ಗಿಸುವ 2013ರ ಮಿನಮಾಟ ಒಪ್ಪಂದವನ್ನು ಭಾರತವೂ 2018ರಲ್ಲಿ ಅನುಮೋದಿಸಿದ್ದರಿಂದ ಅದರ ಕಾಲ ಮುಗಿಯುತ್ತ ಬಂದಿದೆ.

ಬ್ರಿಟನ್ನಿನ ಆಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್ 1970ರ ಸುಮಾರಿಗೆ ರೂಪಿಸಿದ ಗ್ಲಾಸ್ ಅಯನೋಮರ್ ಸಿಮೆಂಟ್ ಹೆಚ್ಚಿನ ಗಮನಕ್ಕೆ ಅರ್ಹವಾದುದು. ಫ್ಲೋರೈಡ್ ಬೆರೆತ ಗಾಜಿನ ಪುಡಿಯನ್ನು ಆಮ್ಲದೊಡನೆ ಕಲಸಿದಾಗ ದೊರೆಯುವ ಈ ಲೇಪವು ಹಲ್ಲಿಗೆ ರಾಸಾಯನಿಕವಾಗಿಯೇ ಅಂಟಿಕೊಂಡು, ಮೊದಲ ಒಂದೆರಡು ದಿನ ಫ್ಲೋರೈಡನ್ನು ಧಾರಾಳವಾಗಿ ಸೂಸಿ, ಕೆಲವು ವಾರಗಳಲ್ಲಿ ತಗ್ಗಿ, ಅನಂತರ ವರ್ಷಗಟ್ಟಲೆ ಅತಿ ಅಲ್ಪ ಪ್ರಮಾಣದಲ್ಲಿ ಬಿಡುತ್ತಿರುತ್ತದೆ. ಬ್ಯಾಕ್ಟೀರಿಯವನ್ನು ಕೊಲ್ಲುವ ಬಲ ಆ ಮೊದಲ ದಿನಗಳದ್ದು. ಮುಂದಿನದು ಕರಗಿದ ಖನಿಜ ಮರಳಿ ಕೂಡಿಕೊಳ್ಳಲು ಒದಗುವ ಮೆಲುವಾದ ನೆರವು ಮಾತ್ರ, ಮತ್ತು ಈ ಅಂತರವನ್ನು ರೋಗಿಗೆ ಬಿಡಿಸಿ ಹೇಳುವುದು ಅಗತ್ಯ.

ಜಪಾನಿನ ಸತೋಶಿ ಇಮಜಾಟೊ ಮತ್ತು ಸಂಗಡಿಗರು 1990ರ ದಶಕದಲ್ಲಿ ಬೇರೆ ದಾರಿ ಹಿಡಿದು, ಎಂಡಿಪಿಬಿ ಎಂಬ ಕ್ರಿಮಿನಾಶಕ ಅಣುವನ್ನು ರಾಳಕ್ಕೇ ಹೆಣೆದರು. ಅದು ಸೋರಿ ಬರಿದಾಗುವುದಿಲ್ಲ, ತನ್ನನ್ನು ಮುಟ್ಟಿದ ಬ್ಯಾಕ್ಟೀರಿಯದ ಹೊರಪೊರೆಯನ್ನು ಕೆಡಿಸುತ್ತದೆ. ಆದರೆ ಜೊಲ್ಲಿನ ಪ್ರೋಟೀನು ಮತ್ತು ಸತ್ತ ಬ್ಯಾಕ್ಟೀರಿಯಗಳು ಮೇಲೆ ಪದರಗಟ್ಟಿದಂತೆ ಅದರ ಬಲವೂ ಕುಂದುತ್ತದೆ. ಪ್ರಯೋಗಾಲಯದ ಬಟ್ಟಲಲ್ಲಿ ಕೆಲವು ದಿನ ಕಂಡ ಫಲವನ್ನು ಬಾಯಿಯೊಳಗಿನ ಹತ್ತು ವರ್ಷಗಳಿಗೆ ಅನ್ವಯಿಸುವುದು ಸರಿಯಲ್ಲ.

ತದಡಿ, ಕಾಸರಕೋಡ, ಭಟ್ಕಳದ ಬಂದರುಗಳಿಂದ ಕಡಲಿಗಿಳಿಯುವವರಿಗೂ ಗೇರುಸೊಪ್ಪೆಯ ಆಚೆಯ ಘಟ್ಟದಂಚಿನವರಿಗೂ ಮೇಲಿಂದ ಮೇಲೆ ದಂತವೈದ್ಯರ ಬಳಿ ಬರುವುದು ಸುಲಭವಲ್ಲ, ಮಣಿಪಾಲ ಅಥವಾ ಧಾರವಾಡದ ದಂತ ಕಾಲೇಜುಗಳಂತೂ ಇನ್ನೂ ದೂರ. ವಿದ್ಯುತ್ ಯಂತ್ರವಿಲ್ಲದೆ ಕೈಸಲಕರಣೆಯಿಂದಲೇ ಹುಳುಕು ಕೆರೆದು ತುಂಬಿಸಬಹುದಾದ, ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದ ಗ್ಲಾಸ್ ಅಯನೋಮರ್ ಇಲ್ಲಿಗೆ ಒಪ್ಪುವುದು ಈ ಕಾರಣಕ್ಕಾಗಿ. ಬರಿದಾದ ಫ್ಲೋರೈಡನ್ನು ಅದು ಟೂತ್‌ಪೇಸ್ಟಿನಿಂದ ಮತ್ತೆ ಹೀರಿಕೊಂಡು ನಿಧಾನವಾಗಿ ಬಿಡಬಲ್ಲುದಾದ್ದರಿಂದ, ರಾತ್ರಿ ಹಲ್ಲುಜ್ಜಿದ ಮೇಲೆ ನೊರೆಯನ್ನು ಉಗುಳಿ, ನೀರಿನಿಂದ ಮುಕ್ಕಳಿಸದೆ ಮಲಗುವವರ ಹಲ್ಲಿನಲ್ಲಿ ಆ ಸಿಮೆಂಟಿಗೆ ಹೆಚ್ಚು ಹೊತ್ತು ಫ್ಲೋರೈಡ್ ದೊರೆಯುತ್ತದೆ.