ಗಾರೆಯ ಹಿಂದೆ ಉಳಿದ ಗೆರೆಗಳು

ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಸಾನ್ ಲೊರೆಂಜೊ ಚರ್ಚಿಗೆ ಸೇರಿದ ಮೆಡಿಚಿ ಚಾಪೆಲ್‌ಗಳಿವೆ. 1975ರಲ್ಲಿ ಅಲ್ಲಿ ಎದ್ದದ್ದು ತೀರಾ ಲೌಕಿಕ ಸಮಸ್ಯೆ: ನೋಡಲು ಬಂದವರು ಹೊರಹೋಗಲು ಇನ್ನೊಂದು ದಾರಿ ಬೇಕಿತ್ತು. ಅಲ್ಲಿನ ನಿರ್ದೇಶಕ ಪಾವೊಲೊ ದಾಲ್ ಪೊಜೆತ್ತೊ ಜಾಗ ಹುಡುಕಿಸುತ್ತಿದ್ದಾಗ ನೆಲದಲ್ಲೊಂದು ಮುಚ್ಚುಬಾಗಿಲು ಸಿಕ್ಕಿತು. ಅದರ ಕೆಳಗೆ ಸುಮಾರು 10 ಮೀಟರ್ ಉದ್ದ, 3 ಮೀಟರ್ ಅಗಲದ ನೆಲಮಾಳಿಗೆ. 1955ರವರೆಗೂ ಅಲ್ಲಿ ಕಲ್ಲಿದ್ದಲು ತುಂಬಿಡುತ್ತಿದ್ದರು. ಗೋಡೆಗೆ ಕೈಹಾಕುವ ಮುನ್ನ ಗಾರೆಯನ್ನೊಮ್ಮೆ ಕೆರೆದು ನೋಡುವ ಕೆಲಸ ಸಂರಕ್ಷಕ ಸಾಬಿನೊ ಜೊವಾನ್ನೋನಿಯವರ ಪಾಲಿಗೆ ಬಂತು. ಮೇಲಿನ ಪದರಗಳು ಕಳಚಿದಂತೆಲ್ಲ ಕಾಲುಗಳು, ತಲೆಗಳು, ತಿರುಚಿದ ಮೈಗಳು ಒಂದರ ಮೇಲೊಂದು ಮೂಡಿಬಂದವು. ಕೆಲವು ಆಳೆತ್ತರಕ್ಕಿದ್ದವು. ಬಿಡಿಸಲು ಬಳಸಿದ್ದು ಇದ್ದಿಲು ಮತ್ತು ಕೆಮ್ಮಣ್ಣಿನ ಕಡ್ಡಿ.

ಇವು ಮೈಕೆಲ್ಯಾಂಜೆಲೊನವೇ ಎಂಬುದು ದಾಲ್ ಪೊಜೆತ್ತೊ ಅವರ ವಾದ. ಅದಕ್ಕೆ ಹಿನ್ನೆಲೆಯೂ ಉಂಟು. ಈ ಚಾಪೆಲ್‌ನಲ್ಲಿ ನಗರವನ್ನಾಳಿದ ಮೆಡಿಚಿ ಮನೆತನದ ಸಮಾಧಿಶಿಲ್ಪ ಕಡೆಯುತ್ತಿದ್ದವನೇ, 1529ರಲ್ಲಿ ಮೆಡಿಚಿಗಳನ್ನು ಓಡಿಸಿದ್ದ ಗಣರಾಜ್ಯದ ಪರ ನಿಂತು ನಗರದ ಕೋಟೆ ಕೆಲಸದ ಹೊಣೆ ಹೊತ್ತ. 1530ರ ಆಗಸ್ಟ್‌ನಲ್ಲಿ ನಗರ ಸೋತಿತು. ಗೆದ್ದು ಬಂದವರು ಪೋಪ್ ಏಳನೆಯ ಕ್ಲೆಮೆಂಟ್‌ನ ಕಡೆಯವರು, ಅಂದರೆ ಮೆಡಿಚಿ ಮನೆಯವರೇ. ಪೋಪ್ ಕ್ಷಮಿಸುವವರೆಗೆ 55ರ ಶಿಲ್ಪಿ ತಲೆಮರೆಸಿಕೊಂಡಿದ್ದ. ಅಡಗಿದ್ದು ಈ ಕೋಣೆಯಲ್ಲೇ, ಹೊತ್ತು ಹೋಗದೆ ಗೋಡೆಯ ಮೇಲೆ ಗೀಚಿದ್ದ ಎಂಬ ಕಥೆ ಕೇಳಲು ಚೆಂದ. ಗೋಡೆಯಲ್ಲಿರುವ ಒಂದು ಜೊತೆ ಕಾಲುಗಳು ಮೇಲಿನ ಚಾಪೆಲ್‌ನಲ್ಲಿರುವ ಜ್ಯೂಲಿಯಾನೊ ಮೆಡಿಚಿಯ ಪ್ರತಿಮೆಯ ಕಾಲುಗಳನ್ನು ಹೋಲುತ್ತವೆ ಎಂಬುದೂ ನಿಜ. ಆದರೂ ಎಲ್ಲ ಗೆರೆಗಳೂ ಒಂದೇ ಕೈಯವಲ್ಲ, ಸಹಾಯಕರವೂ ಸೇರಿರಬಹುದು ಎನ್ನುವ ವಿದ್ವಾಂಸರಿದ್ದಾರೆ. ಈ ಅನುಮಾನವನ್ನು ಬದಿಗಿಟ್ಟು ಪ್ರವಾಸಿಗರಿಗೆ ಬರೀ ಕಥೆ ಹೇಳುವುದು ನನಗೆ ಒಪ್ಪಿಗೆಯಿಲ್ಲ.

ಯಾರದೇ ಆಗಲಿ, ಈ ಗೆರೆಗಳು ಬಹಳ ನಾಜೂಕು. ಫ್ರೆಸ್ಕೊ ಭಿತ್ತಿಚಿತ್ರದಲ್ಲಿ ಹಸಿ ಗಾರೆಯ ಮೇಲೆ ಬಣ್ಣ ಹಚ್ಚುತ್ತಾರೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಲ್ಲಾಗುವಾಗ ಬಣ್ಣವೂ ಅದರೊಳಗೆ ಸೆರೆಯಾಗುತ್ತದೆ. ಇಲ್ಲಿ ಆ ಆಸರೆಯಿಲ್ಲ. ಒಣಗೋಡೆಯ ಒರಟು ಮೈಗೆ ಅಂಟಿಕೊಂಡ ಇದ್ದಿಲಿನ ಪುಡಿ ಅಷ್ಟೆ. ಬೆರಳು ಸೋಕಿದರೆ ಹೋಯಿತು. ಮೇಲೆ ಬಳಿದ ಗಾರೆ, ಬಳಿದವರ ಉದ್ದೇಶ ಏನೇ ಇದ್ದಿರಲಿ, ಶತಮಾನಗಳ ಕಾಲ ಕೈ, ಮೈ, ಕಲ್ಲಿದ್ದಲಿನ ಧೂಳು ಎಲ್ಲವನ್ನೂ ತಡೆದಿತ್ತು. ಅದನ್ನು ಬಿಡಿಸಿದ ದಿನವೇ ಅಪಾಯ ಶುರುವಾಯಿತೆನ್ನಬೇಕು.

ನೆಲಮಾಳಿಗೆಗೆ ದೊಡ್ಡ ಶತ್ರು ತೇವ. ಗೋಡೆಯೊಳಗಿನ ಲವಣಗಳು ನೀರಲ್ಲಿ ಕರಗಿ ಮೇಲ್ಮೈಗೆ ಬರುತ್ತವೆ. ನೀರು ಆರಿದಾಗ ಹರಳುಗಟ್ಟಿ ಗಾರೆಯನ್ನೇ ಹಕ್ಕಳೆಯಾಗಿ ಎಬ್ಬಿಸುತ್ತವೆ. ಒಳಗೆ ಬರುವ ಪ್ರತಿಯೊಬ್ಬರೂ ಉಸಿರಿನ ಜೊತೆ ನೀರಾವಿ ಬಿಡುತ್ತಾರೆ, ಮೈಶಾಖ ಸೇರಿಸುತ್ತಾರೆ. ದೀಪ ಸದಾ ಉರಿಯುತ್ತಿದ್ದರೆ ತೇವದ ಗೋಡೆಗೆ ಪಾಚಿಯೂ ಹತ್ತೀತು. ಆದಿಮಾನವರ ಚಿತ್ರಗಳಿರುವ ಫ್ರಾನ್ಸಿನ ಲಾಸ್ಕೊ ಗುಹೆಯಲ್ಲಿ ಜನರ ಉಸಿರು ಮತ್ತು ಬೆಳಕಿನಿಂದಾದ ಹಾನಿ ಕಂಡು 1963ರಲ್ಲಿ ಬಾಗಿಲು ಹಾಕಬೇಕಾಯಿತು.

ಫ್ಲಾರೆನ್ಸಿನವರು ಅದಕ್ಕೇ ಅವಸರಪಡಲಿಲ್ಲ. ದಶಕಗಳ ಕಾಲ ಕೋಣೆ ಸಾರ್ವಜನಿಕರಿಗೆ ಮುಚ್ಚಿಯೇ ಇತ್ತು. 2023ರ ನವೆಂಬರ್ 15ರಂದು ತೆರೆದಾಗಲೂ ನಿಯಮ ಬಿಗಿಯಾಗಿತ್ತು: ಒಮ್ಮೆಗೆ ನಾಲ್ವರು, 15 ನಿಮಿಷ, ಆಮೇಲೆ ಮುಂದಿನ ತಂಡದವರೆಗೆ 45 ನಿಮಿಷ ಕತ್ತಲು. ವಾರಕ್ಕೆ 100 ಜನರಿಗಷ್ಟೇ ಅವಕಾಶವಿತ್ತು. ಹೊರಹೋಗುವ ದಾರಿಯನ್ನು ಮಾತ್ರ ಬೇರೆ ಕಡೆ ಹುಡುಕಿಕೊಳ್ಳಬೇಕಾಯಿತು.