ಶಾಲೆಯೂ ಒಂದು ಅಳತೆಗೋಲು

ಒಂದು ತಾಲ್ಲೂಕು ಮುಂದುವರಿದಿದೆಯೇ ಎಂದು ತಿಳಿಯಲು ರಸ್ತೆ, ನೀರಾವರಿ, ಬ್ಯಾಂಕುಗಳನ್ನು ಎಣಿಸಿದರೆ ಸಾಕೇ? ಸಾಲದು ಎಂದರು ಕರ್ನಾಟಕ ಸರ್ಕಾರದ ಆರ್ಥಿಕ ಸಲಹೆಗಾರರಾಗಿದ್ದ ಡಾ. ಡಿ. ಎಂ. ನಂಜುಂಡಪ್ಪನವರು. ಅವರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ವರದಿ ನೀಡಿತು. 175 ತಾಲ್ಲೂಕುಗಳನ್ನು ಅಳೆಯುವಾಗ ಸಾಕ್ಷರತೆ, ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಇರುವ ಅನುಪಾತ, ಶಾಲೆಯಿಂದ ಹೊರಗುಳಿದ 6ರಿಂದ 14 ವರ್ಷದ ಮಕ್ಕಳು, ಇವೆಲ್ಲವನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡಿತು. 114 ತಾಲ್ಲೂಕುಗಳು ಹಿಂದುಳಿದಿದ್ದವು; ಅವುಗಳಲ್ಲಿ 39 ಅತ್ಯಂತ ಹಿಂದುಳಿದವು.

ಇದರಿಂದ ನಾವು ತಿಳಿಯುವುದೇನು? ಒಂದು ಮಗು ಶಾಲೆಗೆ ಬಾರದಿದ್ದರೆ ಅದು ಆ ಮನೆಯ ಕೊರತೆ ಮಾತ್ರವಲ್ಲ, ಇಡೀ ನಾಡಿನ ಕೊರತೆ. 2010ರ ಏಪ್ರಿಲ್ 1ರಿಂದ ಈ ವಯಸ್ಸಿನವರ ಶಿಕ್ಷಣ ಭಾರತದಲ್ಲಿ ಕಾಯ್ದೆಬದ್ಧ ಹಕ್ಕಾಗಿದೆ. ಖಾಲಿದಿಯಾದಲ್ಲಿ ದಿನವೂ ಶಾಲಾ ಬಸ್ಸು ಹತ್ತುವ ನಾವು ರಜೆಗೆ ಊರಿಗೆ ಹೋದಾಗ ಒಂದು ಮಾತು ಕೇಳೋಣ: ಇಲ್ಲಿ ಶಾಲೆ ಬಿಟ್ಟ ಮಕ್ಕಳು ಯಾರಾದರೂ ಇದ್ದಾರೆಯೇ?